ಹುಲಿ ಉಳಿಸುವ ಅಳಿಯಂದಿರು

ತುಮಕೂರಿನ ಎಸ್.ಎಸ್. ಪುರಂನಲ್ಲಿ ಅಡ್ಡರಸ್ತೆಗೊಬ್ಬರಾದರೂ ಇಂಥವರು ಸಿಗುತ್ತಾರೆ. ಟೀ ಶರ್ಟಿನ ಮೇಲೆ ಹುಲಿ, ಕಾಫಿ ಮಗ್ಗಿನ ಮೇಲೆ ಹುಲಿ, ಕಾರಿನ ಹಿಂದಿನ ಗಾಜಿನಲ್ಲಿ 'ಹುಲಿ ಉಳಿಸಿ'. ಭಾನುವಾರ ಕ್ಯಾತ್ಸಂದ್ರಕ್ಕೆ ತಟ್ಟೆ ಇಡ್ಲಿ ಕಟ್ಟಿಸಲು ಹೋದರೂ ಹೆಗಲಿಗೆ ಹುಲಿಮೋರೆಯ ಬಟ್ಟೆ ಚೀಲ. ಒಳಗೆ ಇಡ್ಲಿಯೂ ಪ್ಲಾಸ್ಟಿಕ್ಕಿನಲ್ಲಿ, ಚಟ್ನಿಯೂ ಪ್ಲಾಸ್ಟಿಕ್ಕಿನಲ್ಲಿ. "ಈ ಚೀಲದ ದುಡ್ಡಲ್ಲಿ ಒಂದು ಪಾಲು ಕಾಡಿಗೆ ಹೋಗುತ್ತೆ ಸಾರ್!" ಎಷ್ಟು ಪಾಲು, ಯಾವ ಕಾಡಿಗೆ ಎಂದು ಕೇಳಿದರೆ ಮಗ್ ತೋರಿಸುತ್ತಾರೆ.

2022ರ ಗಣತಿಯಲ್ಲಿ ಕರ್ನಾಟಕದ ಹುಲಿಗಳು 563 ಎಂದು ತಿಳಿದಾಗ ಬೀದಿಗೆಲ್ಲ ಮೈಸೂರುಪಾಕು ಹಂಚಿದರು. ಒಂದೆರಡು ಮರಿಯಾದರೂ ತಮ್ಮ ಟೀ ಶರ್ಟಿನ ದುಡ್ಡಿಗೇ ಹುಟ್ಟಿದವು ಎಂಬ ಧಾಟಿ. 2023ರ ಅಕ್ಟೋಬರಿನಲ್ಲಿ ಹುಲಿಯುಗುರಿನ ಗಲಾಟೆ ಎದ್ದು, ಅರಣ್ಯ ಇಲಾಖೆಯವರು ದೊಡ್ಡ ದೊಡ್ಡವರ ಕುತ್ತಿಗೆ ನೋಡತೊಡಗಿದಾಗ ಮಾತ್ರ ಅಂಗಿಯ ಮೇಲಿನ ಗುಂಡಿ ಹಾಕಿಕೊಂಡು ಓಡಾಡಿದರು. ಕೊರಳಿನ ಉಗುರು ತಾತನ ಕಾಲದ್ದಂತೆ. ಆಮೇಲೆ ಪ್ಲಾಸ್ಟಿಕ್ ಅಂತೆ.

ಕುಣಿಗಲ್ ಹತ್ತಿರ ಇವರದೊಂದು ತೋಟ. ಕೊಂಡದ್ದೇ ತಡ, ಜೆಸಿಬಿ ತರಿಸಿ ಕಳ್ಳಿ, ಹೊಂಗೆಯ ಹಳೇ ಬೇಲಿ ಕೀಳಿಸಿ ತಂತಿ ಬಿಗಿಸಿದರು. ಗೇಟಿನ ಎರಡೂ ಕಡೆ ಸಿಮೆಂಟಿನ ಹುಲಿ. ಆಮೇಲೆ ಗುಬ್ಬಿಯ ಮಾವನವರ ಹೊಲದ ಮೇಲೆ ಕಣ್ಣು ಬಿತ್ತು.

"ಮಾವ, ಬದುವಿನ ಹುಣಸೆಮರ ತೆಗೆಸಿ, ಅಡಿಕೆ ಸಸಿ ಇಡಿಸಿ."

"ಅದ್ರಾಗೆ ಕಾಡುಪಾಪ ಐತೆ ಅಳಿಯಂದ್ರೇ."

"ಅದರ ಚಿತ್ರದ ಟೀ ಶರ್ಟ್ ಎಲ್ಲೂ ನೋಡಿಲ್ಲವಲ್ಲ ಮಾವ!"

ನೋಡಿರಲಾರರು. ಆದರೆ ತುಮಕೂರು ತಾಲ್ಲೂಕಿನ ನಾಗವಲ್ಲಿ ಕಾಡುಪಾಪಕ್ಕೇ ಹೆಸರಾದ ಊರು. ದೇವರಾಯನದುರ್ಗದ ಕಾಡಿನಲ್ಲೂ ಅದಿದೆ. 1972ರ ವನ್ಯಜೀವಿ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿ ಹುಲಿಯ ಪಂಕ್ತಿಯಲ್ಲೇ ಇದಕ್ಕೂ ಎಲೆ ಹಾಕಿದ್ದಾರೆ. ಬೊಗಸೆಯಲ್ಲಿ ಹಿಡಿಸುವಷ್ಟು ಮೈ, ಮುಖದ ತುಂಬ ಕಣ್ಣು. ಹಗಲೆಲ್ಲ ಮುದುಡಿ ಮಲಗಿ, ರಾತ್ರಿ ಹುಳುಹುಪ್ಪಟೆ ಹುಡುಕುತ್ತದೆ. ಕೋತಿಯ ಹಾಗೆ ನೆಗೆಯಲಾರದು. ಈ ಕೊಂಬೆ ಬಿಡುವ ಮೊದಲು ಆ ಕೊಂಬೆ ಕೈಗೆ ಎಟುಕಬೇಕು. ಬೇಲಿ ಕಿತ್ತರೆ ಅದರ ದಾರಿಯೇ ಹೋಯಿತು. ಸಾಲದ್ದಕ್ಕೆ ಅದನ್ನು ಹಿಡಿಯುವ ಮಾಟಮಂತ್ರದವರ ಕಾಟ ಬೇರೆ.

ನಮ್ಮ ಅಳಿಯಂದಿರು ಕೆಟ್ಟವರಲ್ಲ, ಕೊಳ್ಳುವ ಹುಮ್ಮಸ್ಸೂ ತಪ್ಪಲ್ಲ. ಮಲೆ ಮಹದೇಶ್ವರ ಬೆಟ್ಟದಲ್ಲಿ ಕಾಡನ್ನು ಮುತ್ತಿದ ಲಂಟಾನ ಕಡಿದು ಸೋಲಿಗರು ಕುರ್ಚಿ, ಬುಟ್ಟಿ ಮಾಡುತ್ತಾರೆ. ಅಂಥ ಕುರ್ಚಿ ಕೊಂಡರೆ ದುಡ್ಡು ಎಲ್ಲಿಗೆ ಹೋಯಿತೆಂದು ಹೇಳಲು ಮಗ್ ತೋರಿಸಬೇಕಿಲ್ಲ. ನಮ್ಮ ಜಿಲ್ಲೆಯಲ್ಲಿ ಹಾಗೆ ಕೊಂಡು ಉಳಿಸುವ ಕೆಲಸಕ್ಕೆ ಹುಣಸೆಹಣ್ಣೇ ಸಾಕು. ಹಣ್ಣಿಗೆ ಬೆಲೆ ಸಿಕ್ಕರೆ ಮಾವನವರು ಮರ ಉಳಿಸಿಕೊಳ್ಳುತ್ತಾರೆ. ಇಲ್ಲವಾದರೆ ಸೌದೆಯ ಲೆಕ್ಕಕ್ಕೆ ಹೋಗುತ್ತದೆ. ಫೆಬ್ರುವರಿ, ಮಾರ್ಚಿನಲ್ಲಿ ಹೊಸ ಹುಣಸೆ ತುಮಕೂರಿನ ಮಂಡಿಗೆ ಬರುತ್ತದೆ. ಬೇಕಾದರೆ ಹುಲಿಚೀಲವನ್ನೇ ಹಿಡಿದು ಬನ್ನಿ, ಚೌಕಾಸಿ ಮಾತ್ರ ಸ್ವಲ್ಪ ಕಡಿಮೆ ಮಾಡಿ.