ಚೀಟಿ ಪಾಸು, ಟೋಲ್ ಫೇಲು

ನಮ್ಮ ಹೆದ್ದಾರಿಗಳಲ್ಲಿ ಸಂಬಳ, ಭತ್ಯೆ, ಕಾಫಿ ಏನನ್ನೂ ಕೇಳದೆ ದುಡಿಯುವುದು ಒಂದೇ ಒಂದು. ಅದು ಕಾರಿನ ಮುಂದಿನ ಗಾಜಿಗೆ ಅಂಟಿಕೊಂಡಿರುವ ಫಾಸ್ಟ್ಯಾಗ್ ಚೀಟಿ. ಅದಕ್ಕೆ ಬ್ಯಾಟರಿಯಿಲ್ಲ, ವೈರಿಲ್ಲ, ಚಾರ್ಜರಿಲ್ಲ. (ರೀಚಾರ್ಜ್ ಮಾಡಿಸ್ತೀವಲ್ಲ ಎನ್ನಬೇಡಿ. ಅದು ಬ್ಯಾಂಕಿನ ಹಸಿವು, ಚೀಟಿಯದ್ದಲ್ಲ.) ಟೋಲ್‌ಗೇಟಿನ ಮೇಲೆ ಕೂತ ರೀಡರು 865ರಿಂದ 867 ಮೆಗಾಹರ್ಟ್ಸ್ ನಡುವೆ ರೇಡಿಯೊ ಅಲೆ ಸುರಿಯುತ್ತದೆ. ಅದರಲ್ಲೇ ಒಂದು ವ್ಯಾಟ್‌ನ ಲಕ್ಷದಲ್ಲೊಂದೆರಡು ಪಾಲು ಹೀರಿಕೊಂಡು ಚೀಟಿಯ ಚಿಪ್ಪು ಎದ್ದು ಕೂರುತ್ತದೆ. ಉತ್ತರ ಕೊಡಲು ತನ್ನದೇ ಅಲೆ ಹುಟ್ಟಿಸುವ ತ್ರಾಣ ಅದಕ್ಕಿಲ್ಲ. ಬಂದ ಅಲೆಯನ್ನೇ ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ಮಾಡಿ ಹಿಂದಕ್ಕೆ ಬಿಸಾಡುತ್ತದೆ. ಕ್ಲಾಸಿನಲ್ಲಿ ಕನ್ನಡಿ ಚೂರು ಹಿಡಿದು ಕಿಟಕಿಯ ಬಿಸಿಲನ್ನು ಮೇಷ್ಟ್ರ ಬೋಳುತಲೆಯ ಮೇಲೆ ಕುಣಿಸುತ್ತಿದ್ದ ಹುಡುಗನ ವಿದ್ಯೆ ಇದೇ. ಆ ಏರಿಳಿತದಲ್ಲೇ ಚೀಟಿಯ ನಂಬರು ಇರುತ್ತದೆ. ಇಷ್ಟೂ ಮುಗಿಯಲು ರೆಪ್ಪೆ ಬಡಿಯುವಷ್ಟು ಹೊತ್ತೂ ಬೇಡ.

ಆಮೇಲೆ ಶುರುವಾಗುತ್ತದೆ ಕರೆಂಟು, ಜನರೇಟರು, ಸರ್ವರು, ಸಿಬ್ಬಂದಿ ಎಲ್ಲವನ್ನೂ ಇಟ್ಟುಕೊಂಡವರ ಕೆಲಸ.

"ಸಾರ್, ಸ್ಕ್ಯಾನ್ ಆಗ್ತಿಲ್ಲ. ಸ್ವಲ್ಪ ಹಿಂದಕ್ಕೆ ತಗೊಳ್ಳಿ."

ಹಿಂದೆ ಬಸ್ಸು. ಬಸ್ಸಿನ ಹಿಂದೆ ಕೋಳಿ ತುಂಬಿದ ಟೆಂಪೊ. ಹಿಂದಕ್ಕೆ ಹೋಗಬೇಕಾದರೆ ಮೊದಲು ಕೋಳಿಗಳು ಒಪ್ಪಬೇಕು. ಅಷ್ಟರಲ್ಲಿ ಹಸಿರು ಜಾಕೆಟ್ಟಿನ ಹುಡುಗ ಕೈಮೆಷಿನ್ನು ಹಿಡಿದು ಓಡಿ ಬರುತ್ತಾನೆ. ಅಂಗೈಯಿಂದ ಗಾಜು ಒರೆಸಿ, ಮೆಷಿನ್ನನ್ನು ಚೀಟಿಗೆ ಒತ್ತುತ್ತಾನೆ. ಚೀಟಿ ಈ ಸಲವೂ ತಟ್ಟನೆ ಉತ್ತರಿಸುತ್ತದೆ. ಆದರೆ ಮೆಷಿನ್ನಿಗೆ ನೆಟ್‌ವರ್ಕ್ ಸಿಗಬೇಕಲ್ಲ? ಹುಡುಗ ಅದನ್ನು ಆಕಾಶಕ್ಕೆತ್ತಿ ಒಂದು ಸುತ್ತು ಹಾಕುತ್ತಾನೆ.

"ಬ್ಲ್ಯಾಕ್‌ಲಿಸ್ಟ್ ಅಂತ ಬರ್ತಿದೆ ಸಾರ್."

"ಬೆಳಿಗ್ಗೆ ತಾನೇ ಐನೂರು ಹಾಕಿದೀನಲ್ಲಪ್ಪ!"

"ಹಾಕಿರ್ತೀರ ಸಾರ್, ಅಪ್‌ಡೇಟ್ ಆಗಿರಲ್ಲ. ಕ್ಯಾಶ್ ಕೊಟ್ಬಿಡಿ, ಡಬಲ್."

ಬ್ಯಾಲೆನ್ಸಿನ ಸುದ್ದಿ ಒಂದು ಬ್ಯಾಂಕಿನಿಂದ ರಾಷ್ಟ್ರೀಯ ಪಾವತಿ ನಿಗಮಕ್ಕೆ, ಅಲ್ಲಿಂದ ಇನ್ನೊಂದು ಬ್ಯಾಂಕಿಗೆ, ಅಲ್ಲಿಂದ ಟೋಲಿನ ಕಂಪ್ಯೂಟರಿಗೆ ಇಳಿದು ಬರಬೇಕು. ದಾರಿಯಲ್ಲಿ ಎಲ್ಲಿ ನಿದ್ದೆ ಹೋದರೂ ದಂಡ ಮಾತ್ರ ಗಾಜಿನ ಹಿಂದೆ ಕೂತವನಿಗೆ. 2021ರ ಫೆಬ್ರವರಿಯಿಂದ ಚೀಟಿ ಇಲ್ಲದವನಿಗೂ ಚೀಟಿ ನಡೆಯದವನಿಗೂ ಎರಡು ಪಟ್ಟು. 2025ರ ನವೆಂಬರ್ 15ರಿಂದ ಸರ್ಕಾರದ ಮನಸ್ಸು ಕರಗಿ, ಯುಪಿಐನಲ್ಲಿ ಕೊಟ್ಟರೆ ಒಂದೂಕಾಲು ಪಟ್ಟು ಸಾಕು ಎಂದಾಯಿತು. ತಪ್ಪು ಯಾರದು ಎಂದು ಕೇಳುವ ಕೌಂಟರ್ ಮಾತ್ರ ಇನ್ನೂ ತೆರೆದಿಲ್ಲ.

2021ರಲ್ಲೇ ಹೆದ್ದಾರಿ ಪ್ರಾಧಿಕಾರ ಇನ್ನೊಂದು ಸೊಗಸಾದ ಮಾತು ಕೊಟ್ಟಿತ್ತು. ಒಂದು ಗಾಡಿಗೆ 10 ಸೆಕೆಂಡು, ಅಷ್ಟೆ. ಸಾಲು 100 ಮೀಟರ್ ದಾಟಿದರೆ ಮುಂದಿನವರನ್ನು ದುಡ್ಡಿಲ್ಲದೆ ಬಿಡಬೇಕು. ಗುರುತಿಗೆ ಪ್ರತಿ ಲೇನಿನಲ್ಲೂ ಹಳದಿ ಗೆರೆ. 2024ರಲ್ಲಿ ಆ ರಿಯಾಯಿತಿ ವಾಪಸಾಯಿತು. ಸಾಲು ಕರಗಿಸುವುದಕ್ಕಿಂತ ನಿಯಮ ಕರಗಿಸುವುದು ಸುಲಭ.

ಬ್ಯಾಟರಿಯಿಲ್ಲದ ಸಾಧನಕ್ಕೆ ಹಾಗಾದರೆ ಸರ್ಕಾರಿ ನೌಕರಿ ಒಗ್ಗುವುದಿಲ್ಲವೋ ಎಂದರೆ, ಹಾಗೇನಿಲ್ಲ. 1945ರ ಆಗಸ್ಟಿನಲ್ಲಿ ಸೋವಿಯತ್ ಶಾಲಾಮಕ್ಕಳು ಮಾಸ್ಕೋದಲ್ಲಿದ್ದ ಅಮೆರಿಕದ ರಾಯಭಾರಿಗೆ ಮರದಲ್ಲಿ ಕೆತ್ತಿದ ಅಮೆರಿಕದ ರಾಜಮುದ್ರೆಯನ್ನು ಕಾಣಿಕೆ ಕೊಟ್ಟರು. ರಾಯಭಾರಿ ಅದನ್ನು ಓದುವ ಕೋಣೆಯ ಗೋಡೆಗೆ ತೂಗುಹಾಕಿದರು. ಒಳಗಿದ್ದದ್ದು ಲಿಯೋನ್ ಥೆರೆಮಿನ್ ಎಂಬ ಸಂಶೋಧಕ ಮಾಡಿದ ಕದ್ದಾಲಿಕೆ ಯಂತ್ರ. ಬ್ಯಾಟರಿ ಇಲ್ಲ, ವೈರಿಲ್ಲ. ಹೊರಗಿನಿಂದ ರೇಡಿಯೊ ಅಲೆ ಬಿಟ್ಟರೆ ಕೋಣೆಯ ಮಾತನ್ನು ಅದೇ ಅಲೆಯ ಮೇಲೆ ಹೇರಿ ವಾಪಸು ಕಳಿಸುತ್ತಿತ್ತು. 1952ರಲ್ಲಿ ಸಿಕ್ಕಿಬೀಳುವವರೆಗೆ ಏಳು ವರ್ಷ ರಜೆಯಿಲ್ಲದ ಸೇವೆ. ಅದನ್ನು ಮಾಡಿದಾಗ ಥೆರೆಮಿನ್ ಸ್ಟಾಲಿನ್ನನ ಕೈದಿ. ಕೈದಿ ಮಾಡಿದ್ದು ಏಳು ವರ್ಷ ನಡೆಯಿತು, ಟೆಂಡರ್ ಕರೆದು ತಂದ ರೀಡರು ಮಳೆ ಬಂದರೆ ಮಲಗುತ್ತದೆ.

ಅಷ್ಟೇ ಅಲ್ಲ, ಸ್ಟಾಲಿನ್ನನ ಪೊಲೀಸರೂ ಆ ಯಂತ್ರಕ್ಕೆ ಕೆವೈಸಿ ಕೇಳಲಿಲ್ಲ. ನಮ್ಮಲ್ಲಿ ಒಡೆಯನಿಗೆ ಕೆವೈಸಿ, ಸಾಲದ್ದಕ್ಕೆ 2026ರ ಜನವರಿಯವರೆಗೂ ಪ್ರತಿ ಕಾರಿಗೂ ಕೆವೈವಿ ಎಂಬ ಗುರುತು ಪರೀಕ್ಷೆ ಇತ್ತು. ಮುಂದಿನಿಂದ ಫೋಟೋ, ಪಕ್ಕದಿಂದ ಫೋಟೋ, ಆರ್‌ಸಿ. ಹುಡುಗಿ ನೋಡಲು ಬರುವವರೂ ಈಗ ಇಷ್ಟು ಕೇಳುವುದಿಲ್ಲ. ಪಕ್ಕದ ಫೋಟೋ ಬೇಡ ಎಂದು ಪ್ರಾಧಿಕಾರಕ್ಕೆ ಹೊಳೆದದ್ದು 2025ರ ಅಕ್ಟೋಬರಿನಲ್ಲಿ.

ವಿಜ್ಞಾನಿಗಳು ಇನ್ನೂ ಮುಂದೆ ಹೋಗಿದ್ದಾರೆ, ಅದೇ ನನಗೆ ಭಯ. 2013ರಲ್ಲಿ ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದವರು, ಪ್ರತ್ಯೇಕ ರೀಡರೂ ಬೇಡ, ಗಾಳಿಯಲ್ಲಿ ಹೇಗೂ ಇರುವ ಟಿವಿ ಸಿಗ್ನಲ್ಲನ್ನೇ ಹೀರಿ, ಅದನ್ನೇ ಪ್ರತಿಫಲಿಸಿ ಎರಡು ಸಾಧನಗಳು ಮಾತಾಡಬಹುದು ಎಂದು ತೋರಿಸಿದರು. 2017ರಲ್ಲಿ ಬ್ಯಾಟರಿಯಿಲ್ಲದ ಫೋನಿನಿಂದ ಸ್ಕೈಪ್ ಕರೆ ಮಾಡಿದರು. ಮೊಬೈಲ್ ಮಾನದಂಡ ಬರೆಯುವವರು ಈ ಜಾತಿಯ ಚೀಟಿಗಳಿಗೆ 5ಜಿಯಲ್ಲೇ ಜಾಗ ಮಾಡುತ್ತಿದ್ದಾರೆ. ನಾಳೆ ಮೊಸರಿನ ಪ್ಯಾಕೆಟ್ಟಿಗೂ ಒಂದು ಅಂಟುತ್ತದೆ. ಹುಳಿಯಾದರೆ ತಾನೇ ಹೇಳುತ್ತದಂತೆ. ಹೇಳಲಿ, ಸಂತೋಷ. ಆದರೆ ಬೆಳಿಗ್ಗೆ ಆರಕ್ಕೆ ಬರುವ ಮೆಸೇಜು ಯಾವುದೆಂದು ನಾನೀಗಲೇ ಬರೆದುಕೊಡಬಲ್ಲೆ: "ಗ್ರಾಹಕರೇ, ನಿಮ್ಮ ಅರ್ಧ ಲೀಟರ್ ಮೊಸರು ಬ್ಲ್ಯಾಕ್‌ಲಿಸ್ಟ್ ಆಗಿದೆ. ಫ್ರಿಜ್ಜಿನ ಜೊತೆಗಿನ ಫೋಟೋ ಅಪ್‌ಲೋಡ್ ಮಾಡಿ."

ಅಲ್ಲಿಯವರೆಗೆ ಒಂದು ವಿಷಯ ಗೊತ್ತಿರಲಿ, ಟೋಲಿನ ಯಾವ ಬೋರ್ಡಿನಲ್ಲೂ ಇದನ್ನು ದೊಡ್ಡಕ್ಷರದಲ್ಲಿ ಬರೆದದ್ದು ನಾನು ಕಂಡಿಲ್ಲ. 2018ರಲ್ಲಿ ತಿದ್ದಿದ ರಾಷ್ಟ್ರೀಯ ಹೆದ್ದಾರಿ ಶುಲ್ಕ ನಿಯಮದ ಪ್ರಕಾರ, ಚೀಟಿ ಸರಿಯಿದ್ದು, ಖಾತೆಯಲ್ಲಿ ಸಾಕಷ್ಟು ದುಡ್ಡಿದ್ದು, ಟೋಲಿನ ಯಂತ್ರ ಕೆಟ್ಟು ಶುಲ್ಕ ಕಟ್ಟಲಾಗದಿದ್ದರೆ ನೀವು ಒಂದು ಪೈಸೆಯನ್ನೂ ಕೊಡಬೇಕಿಲ್ಲ. ಶೂನ್ಯ ಮೊತ್ತದ ರಸೀದಿ ಕೊಟ್ಟು ಬಿಡಬೇಕಾದ್ದು ಅವರ ಕೆಲಸ. ಮುಂದಿನ ಸಲ ಹಿಂದಕ್ಕೆ ತಗೊಳ್ಳಿ ಎಂದರೆ ಆ ರಸೀದಿ ಕೇಳಿ. ಕೊಡದಿದ್ದರೆ ಹೆದ್ದಾರಿ ಸಹಾಯವಾಣಿ 1033ಕ್ಕೆ ಫೋನ್ ಮಾಡಿ.