ಅವಳಿ ಟೈಟ್ ಎಂಡ್ ವ್ಯೂಹ: ಮೂಡಿಗೆರೆ ಸೀಮೆಯ ಗಜಪ್ರಮಾಣಗಳೊಡನೆ ಒಂದು ವಿವೇಚನೆ

ಅಮೆರಿಕನ್ ಫುಟ್‌ಬಾಲ್ ಎಂಬ ಕ್ರೀಡೆಯಲ್ಲಿ ಚೆಂಡನ್ನು ಕಾಲಿನಿಂದ ಒದೆಯುವ ಸಂದರ್ಭಗಳು ವಿರಳವಾಗಿರುವುದೂ ಚೆಂಡು ದುಂಡಗಿಲ್ಲದಿರುವುದೂ ಮಲೆನಾಡಿನ ಓದುಗರಲ್ಲಿ ಸಹಜವಾದ ಸಂಶಯವನ್ನು ಹುಟ್ಟಿಸುತ್ತವೆಯಾದರೂ, ಆ ಕ್ರೀಡೆಯ ವ್ಯೂಹಶಾಸ್ತ್ರದಲ್ಲಿ ಎರಡು ಟೈಟ್ ಎಂಡ್‌ಗಳ ರಚನೆಯೆಂದು ಪ್ರಸಿದ್ಧವಾದ ಪ್ರಕರಣವು ಮೂಡಿಗೆರೆ ತಾಲ್ಲೂಕಿನ ಕಾಫಿ ತೋಟಗಳಲ್ಲಿ ಕಣ್ಣಾರೆ ಕಾಣಸಿಗುವುದರಿಂದ, ಅದನ್ನು ಕ್ರಮವಾಗಿ ವಿವೇಚಿಸುವುದು ವಿದ್ವತ್ಪ್ರಪಂಚದ ಕರ್ತವ್ಯವಾಗಿದೆ. ಮೂಡಿಗೆರೆಯಲ್ಲಿ ಆ ಆಟವನ್ನು ಆಡುವವರೇ ಇಲ್ಲವಲ್ಲ ಎಂಬ ಪೂರ್ವಪಕ್ಷಕ್ಕೆ, ಆಡುವವರು ಮನುಷ್ಯರೇ ಆಗಿರಬೇಕೆಂದು ಯಾವ ಶಾಸ್ತ್ರಕಾರನೂ ವಿಧಿಸಿಲ್ಲ ಎಂಬುದೇ ಸಮಾಧಾನ.

ಮೊದಲು ಪರಿಭಾಷೆ. ಒಂದೊಂದು ಪಕ್ಷದಲ್ಲಿ 11 ಮಂದಿ ಇರುವ ಈ ಆಟದಲ್ಲಿ, ಚೆಂಡನ್ನು ಹೊಂದಿದ ಪಕ್ಷವು ನಾಲ್ಕು ಅವಕಾಶಗಳೊಳಗೆ 10 ಗಜ ಮುಂದೆ ಸಾಗಬೇಕು (ಇಲ್ಲಿ ಗಜವೆಂದರೆ ಮೂರು ಅಡಿ ಎಂದು ಮೂಡಿಗೆರೆಯ ಓದುಗರಿಗೆ ಸ್ಪಷ್ಟಪಡಿಸುವುದು ಅಗತ್ಯ, ಹತ್ತು ಗಜ ಎಂದೊಡನೆ ಅಲ್ಲಿನವರು ಗೇಟು ಹಾಕಲು ಓಡುತ್ತಾರೆ). ದಾಳಿಯ ಗೆರೆಯ ಮೇಲೆ ಕನಿಷ್ಠ ಏಳು ಮಂದಿ ನಿಲ್ಲಬೇಕಾಗಿದ್ದು, ಅವರಲ್ಲಿ ನಡುವಿನ ಐವರು ಎದುರಾಳಿಗಳನ್ನು ತಡೆಯುವ ಕೆಲಸಕ್ಕಷ್ಟೇ ಬಾಧ್ಯರಾಗಿರುತ್ತಾರೆ. ಮುಂದಕ್ಕೆ ಎಸೆದ ಚೆಂಡನ್ನು ಹಿಡಿಯುವ ಹಕ್ಕು ಗೆರೆಯ ಎರಡು ತುದಿಗಳಲ್ಲಿರುವವರಿಗೂ ಗೆರೆಯ ಹಿಂದೆ ನಿಂತವರಿಗೂ ಮಾತ್ರ ಸಲ್ಲುತ್ತದೆ. ತುದಿಯಲ್ಲಿರುವವನು ಮೈದಾನದ ಅಂಚಿಗೆ ಹೋಗಿ ಒಂಟಿಯಾಗಿ ನಿಲ್ಲದೆ, ನಡುವಿನ ದಢೂತಿಗಳ ಪಕ್ಕಕ್ಕೇ ಒತ್ತಿ ನಿಂತರೆ ಅವನು ಟೈಟ್ ಎಂಡ್ ಎನಿಸುತ್ತಾನೆ. ಅವನು ತಡೆಯಲೂ ಬಲ್ಲ, ಚೆಂಡನ್ನು ಹಿಡಿದು ಓಡಲೂ ಬಲ್ಲ. ಯಾವುದನ್ನು ಮಾಡುತ್ತಾನೆಂಬುದು ಆಟ ಶುರುವಾಗುವ ತನಕ ಅವನ ಮುಖದಿಂದ ತಿಳಿಯುವುದಿಲ್ಲ. ಇಂಥವರಿಬ್ಬರನ್ನು ಒಮ್ಮೆಗೇ ಇಳಿಸುವ ರಚನೆಗೆ ಆ ದೇಶದ ತರಬೇತುದಾರರು 12 ಎಂಬ ಅಂಕಿಯನ್ನಿಟ್ಟಿದ್ದು, ಅದರ ಮೊದಲ ಅಂಕೆ ಚೆಂಡು ಹೊತ್ತು ಓಡುವವರ ಸಂಖ್ಯೆಯನ್ನೂ ಎರಡನೆಯದು ಟೈಟ್ ಎಂಡ್‌ಗಳ ಸಂಖ್ಯೆಯನ್ನೂ ಸೂಚಿಸುತ್ತದೆ.

ಈ ರಚನೆಯ ಮಹಿಮೆಯಿರುವುದು ಎದುರಾಳಿಗೆ ಅದು ತಂದೊಡ್ಡುವ ಅತ್ತ ದರಿ ಇತ್ತ ಪುಲಿಯ ಸ್ಥಿತಿಯಲ್ಲಿ. ಎದುರಾಳಿಯು ಭಾರಿ ದೇಹದವರನ್ನು ತಂದರೆ ಚೆಂಡು ಅವರ ತಲೆಯ ಮೇಲಿಂದ ಹಾರಿ ಹೋಗುತ್ತದೆ. ಚುರುಕಾದ ಸಣಕಲರನ್ನು ತಂದರೆ ದಾಳಿಯವರು ಅವರನ್ನು ಮೆಟ್ಟಿಕೊಂಡು ನೇರವಾಗಿ ನುಗ್ಗುತ್ತಾರೆ. ಸಾಲದ್ದಕ್ಕೆ, ಗೆರೆಯ ಮೇಲೆ ಐವರಷ್ಟೇ ಒತ್ತಾಗಿ ನಿಂತಾಗ ಕಾಯಬೇಕಾದ ಸಂದುಗಳು ಆರಿದ್ದರೆ, ಎರಡೂ ತುದಿಗಳಿಗೆ ಒಬ್ಬೊಬ್ಬ ಸೇರಿದಾಗ ಅವು ಎಂಟಾಗುತ್ತವೆ. 1981ರಲ್ಲಿ ವಾಷಿಂಗ್ಟನ್ ತಂಡದ ತರಬೇತುದಾರನಾದ ಜೋ ಗಿಬ್ಸ್, ಅದೇ ವರ್ಷ ನ್ಯೂಯಾರ್ಕ್ ಜೈಂಟ್ಸ್ ತಂಡಕ್ಕೆ ಬಂದು ಅಂಚಿನಿಂದ ನುಗ್ಗಿ ಎಲ್ಲರನ್ನೂ ಉರುಳಿಸುತ್ತಿದ್ದ ಲಾರೆನ್ಸ್ ಟೇಲರ್ ಎಂಬ ಆಟಗಾರನನ್ನು ತಡೆಯುವ ಸಲುವಾಗಿ ಈ ರಚನೆಯನ್ನು ಬೆಳೆಸಿದನೆಂಬುದು ಆ ಕ್ರೀಡೆಯ ಇತಿಹಾಸದಲ್ಲಿ ಪ್ರಸಿದ್ಧ. 2011ರಲ್ಲಿ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ತಂಡವು ಇದನ್ನೇ ಮೂಲಮಂತ್ರವಾಗಿಸಿಕೊಂಡಾಗ, ಅದರ ಟೈಟ್ ಎಂಡ್ ಆದ ರಾಬ್ ಗ್ರಾಂಕೌಸ್ಕಿಯು ಒಂದೇ ಋತುವಿನಲ್ಲಿ 17 ಬಾರಿ ಎಸೆದ ಚೆಂಡನ್ನು ಹಿಡಿದು ಅಂಕಣದ ಕೊನೆಗೆ ಮುಟ್ಟಿಸಿ, ಆ ಸ್ಥಾನದವರ ಪೈಕಿ ದಾಖಲೆ ಸ್ಥಾಪಿಸಿದನು. ಅವನ ತೂಕ ಸುಮಾರು 120 ಕಿಲೋ. ಆ ದೇಶದವರು ಇದನ್ನು ಭಾರಿ ತೂಕವೆಂದು ಭಾವಿಸಿರುವುದರಿಂದ, ತೌಲನಿಕ ಅಧ್ಯಯನದ ಅಗತ್ಯ ಇನ್ನಷ್ಟು ತೀವ್ರವಾಗುತ್ತದೆ.

ಗಿಬ್ಸನೇ ಇದರ ಮೂಲಪುರುಷನೆಂಬ ವಾದವು ಮೈಸೂರಿನಲ್ಲಿ ನಿಲ್ಲುವುದಿಲ್ಲ. ಅಲ್ಲಿನ ಓರಿಯೆಂಟಲ್ ಲೈಬ್ರರಿಯ ತಾಳೆಗರಿಗಳಲ್ಲಿ ಆರ್. ಶಾಮಶಾಸ್ತ್ರಿಗಳು ಗುರುತಿಸಿ 1909ರಲ್ಲಿ ಅಚ್ಚು ಮಾಡಿಸಿದ ಕೌಟಿಲ್ಯನ ಅರ್ಥಶಾಸ್ತ್ರವು ಸೇನೆಯ ವ್ಯೂಹವನ್ನು ಉರಸ್ಯ, ಕಕ್ಷ, ಪಕ್ಷಗಳೆಂದು ವಿಭಾಗಿಸುತ್ತದೆ. ಎದೆಯ ಭಾಗವಾದ ಉರಸ್ಯವು ನಡುವಿನ ಐವರಿಗೂ, ಹೊರಗಿನ ರೆಕ್ಕೆಯಾದ ಪಕ್ಷವು ಅಂಚಿನಲ್ಲಿ ಓಡುವವರಿಗೂ ಹೊಂದುವುದಾದರೆ, ಇವೆರಡರ ನಡುವೆ ಪಕ್ಕೆಗೆ ಅಂಟಿದಂತಿರುವ ಕಕ್ಷವು ಟೈಟ್ ಎಂಡ್ ಅಲ್ಲದೆ ಮತ್ತೇನೂ ಆಗಲಾರದು. ಅಷ್ಟಕ್ಕೇ ನಿಲ್ಲದೆ ಕೌಟಿಲ್ಯನು, ಬರೀ ಆನೆಗಳಿಂದಲೇ ವ್ಯೂಹ ಕಟ್ಟುವಾಗ ಯುದ್ಧಕ್ಕೆ ಪಳಗಿದವುಗಳನ್ನು ಎದೆಯ ಭಾಗದಲ್ಲಿಯೂ ಪುಂಡಾನೆಗಳನ್ನು ಎರಡು ತುದಿಗಳಲ್ಲಿಯೂ ನಿಲ್ಲಿಸಬೇಕೆಂದು ವಿಧಿಸುತ್ತಾನೆ. ತುದಿಗೆ ಪುಂಡರೇ ಬೇಕೆಂಬ ಈ ತತ್ತ್ವವನ್ನು ಅಮೆರಿಕದವರು ಎಷ್ಟರಮಟ್ಟಿಗೆ ಪಾಲಿಸಿದ್ದಾರೆಂಬುದು ಪ್ರತ್ಯೇಕ ಸಂಶೋಧನೆಯ ವಿಷಯ.

ಇನ್ನು ಪ್ರತ್ಯಕ್ಷ ಪ್ರಮಾಣ. 2022ರ ಕೊನೆಯಲ್ಲಿ ಮೂಡಿಗೆರೆ ತಾಲ್ಲೂಕಿನಲ್ಲಿ ಜನ ಭೈರನೆಂದು ಕರೆಯುತ್ತಿದ್ದ ಸಲಗವನ್ನು ಹಿಡಿದಾಗಲೂ, ಅದಕ್ಕೆ ಹಿಂದೆ ಮುಂದೆ ನಡೆದ ಇಂಥ ಕಾರ್ಯಾಚರಣೆಗಳಲ್ಲಿಯೂ ಕ್ರಮ ಹೆಚ್ಚುಕಡಿಮೆ ಒಂದೇ. ಪಶುವೈದ್ಯರು ಅರಿವಳಿಕೆಯ ಚುಚ್ಚುಮದ್ದನ್ನು ಬಂದೂಕಿನಿಂದ ಹಾರಿಸುತ್ತಾರೆ. ಆನೆ ಒಂದಷ್ಟು ದೂರ ಓಡಿ, ತೂಕಡಿಸುತ್ತ ನಿಲ್ಲುತ್ತದೆ. ತಲೆಯ ಮೇಲೆ ನೀರು ಹೊಯ್ಯುತ್ತಾರೆ, ಕಾಲಿಗೂ ಕುತ್ತಿಗೆಗೂ ಮಿಣಿಹಗ್ಗ ಬಿಗಿಯುತ್ತಾರೆ, ಮರುಮದ್ದು ಕೊಟ್ಟು ಎಚ್ಚರಿಸುತ್ತಾರೆ. ಆಗ ಸಾಕಾನೆಗಳೆರಡು ಎಡಕ್ಕೂ ಬಲಕ್ಕೂ ಬಂದು, ಸಲಗದ ಪಕ್ಕೆಗೆ ತಮ್ಮ ಪಕ್ಕೆಯನ್ನು ಕೂದಲೆಳೆಯಷ್ಟೂ ಸಂದಿಲ್ಲದಂತೆ ಒತ್ತಿ ನಿಲ್ಲುತ್ತವೆ. ಇವು ಕುಮ್ಕಿ ಆನೆಗಳು. ಮತ್ತೊಂದು ಹಿಂದಿನಿಂದ ಹಣೆಕೊಟ್ಟು ನೂಕುತ್ತದೆ; ಮೆರವಣಿಗೆ ಕಾಫಿ ಗಿಡಗಳ ನಡುವೆ ಲಾರಿಯತ್ತ ಸಾಗುತ್ತದೆ. ಮೈಸೂರಿನ ಜಂಬೂಸವಾರಿಯಲ್ಲಿ 750 ಕಿಲೋ ತೂಕದ ಅಂಬಾರಿ ಹೊತ್ತ ಆನೆಯ ಎರಡೂ ಬದಿಗೆ ಹೆಣ್ಣಾನೆಗಳು ನಡೆಯುವುದು ಇದೇ ರಚನೆಯ ಉತ್ಸವರೂಪ. 2020ರಿಂದ ಅಂಬಾರಿ ಹೊತ್ತ ಮತ್ತಿಗೋಡು ಶಿಬಿರದ ಅಭಿಮನ್ಯು, ಅದಕ್ಕೆ ಮೊದಲು ವರ್ಷಗಟ್ಟಲೆ ದಸರೆಯ ವಾದ್ಯಗಾಡಿ ಎಳೆದಿದ್ದಾನೆ, ನೂರಕ್ಕೂ ಹೆಚ್ಚು ಕಾಡಾನೆಗಳನ್ನು ಹಿಡಿಯುವಲ್ಲಿ ಪಾಲ್ಗೊಂಡಿದ್ದಾನೆ. ಹೊರುವುದು, ಎಳೆಯುವುದು, ತಡೆಯುವುದು ಮೂರನ್ನೂ ಬಲ್ಲ ಈ ಆಟಗಾರನ ತೂಕ ಐದು ಸಾವಿರ ಕಿಲೋ ಮೀರಿದ್ದು, ನಲವತ್ತು ಗ್ರಾಂಕೌಸ್ಕಿಗಳನ್ನು ಒಟ್ಟಿಗೆ ತಕ್ಕಡಿಗೆ ಹಾಕಿದರೂ ತಟ್ಟೆ ಅಭಿಮನ್ಯುವಿನ ಕಡೆಗೇ ವಾಲುತ್ತದೆ. ಸಂಭಾವನೆಯಾದರೂ ಭತ್ತ, ಬೆಲ್ಲ, ಕೊಬ್ಬರಿಯನ್ನು ಹುಲ್ಲಿನಲ್ಲಿ ಸುತ್ತಿ ಬಾಯಿಗಿಡುವ ಕುಸುರೆ.

ಆದರೆ ಸಿದ್ಧಾಂತಕ್ಕೆ ಮಿತಿಯೂ ಉಂಟು. ಎಂಟು ಬಾರಿ ಅಂಬಾರಿ ಹೊತ್ತ ಅರ್ಜುನನು 2023ರ ಡಿಸೆಂಬರ್ 4ರಂದು ನೆರೆಯ ಸಕಲೇಶಪುರ ತಾಲ್ಲೂಕಿನ ಯಸಳೂರು ಬಳಿ ಇಂಥದೇ ಕಾರ್ಯಾಚರಣೆಯಲ್ಲಿ ಸಲಗದೊಡನೆ ಕಾದಾಡಿ ಮಡಿದನು. ಮೈದಾನಕ್ಕೆ ಆಂಬುಲೆನ್ಸ್ ಬರುವ ಆಟದ ನಿಯಮಗಳನ್ನು ಕಾಡಿಗೆ ಅನ್ವಯಿಸುವವರು ಇದನ್ನು ನೆನಪಿನಲ್ಲಿಡತಕ್ಕದ್ದು.

ವಿದ್ವಾಂಸರನ್ನು ನಿಜವಾಗಿ ಇಕ್ಕಟ್ಟಿಗೆ ಸಿಲುಕಿಸುವ ಸಂಗತಿಯೆಂದರೆ, ಎದುರಾಳಿ ಪಕ್ಷವೂ ಇದೇ ವ್ಯೂಹವನ್ನು ಬಳಸುತ್ತದೆ. ಹಾಸನ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಹೆಸರಾದ ಬೀಟಮ್ಮನ ಹಿಂಡಾಗಲಿ ಹೆಸರಿಲ್ಲದ ಹಿಂಡಾಗಲಿ ತೋಟದ ರಸ್ತೆ ದಾಟುವಾಗ ಮರಿಯನ್ನು ನಡುವೆ ಬಿಟ್ಟುಕೊಂಡು, ತಾಯಿ ಒಂದು ಪಕ್ಕೆಗೂ ಚಿಕ್ಕಮ್ಮನೋ ದೊಡ್ಡಮ್ಮನೋ ಮತ್ತೊಂದು ಪಕ್ಕೆಗೂ ಒತ್ತಿಕೊಂಡು ಸಾಗುತ್ತವೆ. ಇಲ್ಲಿ ಚೆಂಡೆಂದರೆ ಮರಿ. ಅದನ್ನು ಕಸಿಯುವ ಧೈರ್ಯ ಯಾವ ರಕ್ಷಣಾ ಪಂಕ್ತಿಗೂ ಇಲ್ಲ. ಎದುರಿಗೆ ಕಂದಕ, ಸೋಲಾರ್ ಬೇಲಿ, ರೈಲು ಹಳಿಯ ತಡೆಗೋಡೆಗಳನ್ನು ನಿಲ್ಲಿಸಲಾಗಿದ್ದರೂ, ಆನೆಗಳು ದಂತಕ್ಕೆ ಕರೆಂಟು ಹೊಡೆಯುವುದಿಲ್ಲವೆಂಬುದನ್ನು ಕಂಡುಕೊಂಡು ತಂತಿಯನ್ನು ಕೀಳುತ್ತವೆ, ಇಲ್ಲವೆ ಮರವನ್ನೇ ಬೇಲಿಯ ಮೇಲೆ ಕೆಡವಿ ದಾಟುತ್ತವೆ. ಹಲಸು ಹಣ್ಣಾಗುವ ಕಾಲದಲ್ಲಿಯೂ ಭತ್ತ ತೆನೆಗಟ್ಟುವ ಕಾಲದಲ್ಲಿಯೂ ಬೈನೆ ಮರ ಇರುವಲ್ಲೆಲ್ಲ ಸರ್ವಕಾಲದಲ್ಲಿಯೂ ದಾಳಿಯ ಅವಕಾಶಗಳು ನಾಲ್ಕಕ್ಕೆ ಮುಗಿಯುವುದಿಲ್ಲ. ಆನೆಗಳು ಇಂಥ ತೋಟದಲ್ಲಿವೆ, ಆಳುಗಳನ್ನು ಕೆಲಸಕ್ಕೆ ಕಳಿಸಬೇಡಿ ಎಂದು ಆನೆ ಕಾರ್ಯಪಡೆಯವರು ಬೆಳಗಾಗುವಾಗ ಮೊಬೈಲಿಗೆ ಕಳಿಸುವ ಸಂದೇಶವೇ ರಕ್ಷಣಾ ಪಕ್ಷದ ಅತ್ಯುತ್ತಮ ನಡೆಯೆಂಬುದು ಬಹುಮತ. ಕಳಸದ ಕಡೆಯವರು ತಮ್ಮ ಕಾಡುಕೋಣಕ್ಕೆ ಈ ಶಾಸ್ತ್ರದಲ್ಲಿ ಸ್ಥಾನವಿಲ್ಲವೆಂದು ಮುನಿಸಿಕೊಂಡಿದ್ದಾರು; ಅದು ನೇರಕ್ಕೆ ನುಗ್ಗುವ ಪ್ರಾಣಿಯಾದುದರಿಂದ ವ್ಯೂಹಪ್ರಕರಣದಲ್ಲಿ ಸೇರುವುದಿಲ್ಲ.

ಸಂದುಗಳ ಲೆಕ್ಕವೂ ತೋಟದಲ್ಲಿ ತಿರುಗುಮುರುಗಾಗುತ್ತದೆ. ರೊಬಸ್ಟಾ ಗಿಡಗಳನ್ನು ಸಾಮಾನ್ಯವಾಗಿ ಹತ್ತಡಿಗೊಂದರಂತೆ ನೆಡುವುದರಿಂದ ಆನೆಯು ನಡುವೆ ಸಲೀಸಾಗಿ ಹಾದುಹೋಗಬಹುದು. ಮೂರು ಆನೆಗಳು ಪಕ್ಕೆಗೆ ಪಕ್ಕೆ ಒತ್ತಿ ನಡೆದಾಗ ಮಾತ್ರ ಇರುವ ಸಂದು ಸಾಲದೆ, ಗಿಡವಿದ್ದಲ್ಲಿ ಹೊಸ ಸಂದು ಸೃಷ್ಟಿಯಾಗುತ್ತದೆ. ಅಂದರೆ ಕಾಡಾನೆ ಬಂದಾಗ ಉಳಿದ ಗಿಡಗಳು ಅದನ್ನು ಹಿಡಿದೊಯ್ಯುವಾಗ ಉಳಿಯದಿರುವ ಸಂಭವವುಂಟು. ಮರುದಿನ ಅರಣ್ಯ ಇಲಾಖೆಯ ಸಿಬ್ಬಂದಿ ಬಂದು ಮಹಜರು ನಡೆಸಿ, ಮುರಿದ ಗಿಡಗಳನ್ನು ಎಣಿಸಿ ಪರಿಹಾರದ ಅರ್ಜಿಗೆ ಸೇರಿಸುವಾಗ, ಬೆಳೆಗಾರರ ಎಣಿಕೆಗೂ ಅವರ ಎಣಿಕೆಗೂ ಅಂತರ ಬೀಳುವುದು ಸಹಜ. ಅಮೆರಿಕದಲ್ಲಾದರೆ ತರಬೇತುದಾರನು ಕೆಂಪು ಬಾವುಟ ಎಸೆದೊಡನೆ ತೀರ್ಪುಗಾರರು ಚಿತ್ರವನ್ನು ಮತ್ತೆ ನೋಡಿ ಕೆಲವೇ ನಿಮಿಷಗಳಲ್ಲಿ ತೀರ್ಪು ಕೊಡುತ್ತಾರೆ. ಇಲ್ಲಿ ಕಡತ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗುವಷ್ಟರಲ್ಲಿ ಮುರಿದ ಗಿಡದ ಬುಡದಲ್ಲಿ ಕಂಬಚಿಗುರು ಬಂದು, ಗಿಡ ಸತ್ತಿದೆಯೋ ಬದುಕಿದೆಯೋ ಎಂಬ ಹೊಸ ತಕರಾರು ಏಳುತ್ತದೆ.