ಹಾರಿಹೋಗದಂತೆ ಹಾರಿಸುವ ವಿದ್ಯೆ

ಮರ ಕೊಳ್ಳಲು ಹೋದವರು ಗಟ್ಟಿಯಿದೆಯೇ ಎಂದು ತಟ್ಟಿ ನೋಡುತ್ತಾರೆ. ಮಾದರಿ ವಿಮಾನ ಕಟ್ಟುವವನು ಮಾತ್ರ ಜೇಬಿನಲ್ಲಿ ಪುಟ್ಟ ತಕ್ಕಡಿ ಇಟ್ಟುಕೊಂಡು ಹೋಗಿ, ಕಡಿಮೆ ತೂಗುವುದನ್ನೇ ಆರಿಸುತ್ತಾನೆ. ಅಂಗಡಿಯವನಿಗೆ ಇಂಥ ಗಿರಾಕಿಯ ಮೇಲೆ ಕನಿಕರ. ಏನು ಮಾಡುವುದು, ಬಾಲ್ಸಾ ಇರುವುದೇ ಹಾಗೆ. ಈಕ್ವೆಡಾರ್ ಕಡೆಯ ಈ ಮರ ನಮ್ಮ ಬೂರುಗದ ದಾಯಾದಿ. ಆರೇಳು ವರ್ಷಕ್ಕೇ ಕಡಿಯುವಷ್ಟು ಬೆಳೆದುಬಿಡುತ್ತದೆ. ಒಂದು ಘನ ಮೀಟರ್ ತೇಗ 650 ಕಿಲೋ ಆಸುಪಾಸು ತೂಗಿದರೆ ಇದು ಸುಮಾರು 150. ಅದರಲ್ಲೂ ಒಂದೇ ಅಳತೆಯ ಎರಡು ಹಲಗೆಗಳಲ್ಲಿ ಒಂದು ಇನ್ನೊಂದರ ಎರಡರಷ್ಟು ತೂಗುವುದುಂಟು. ಆಟಿಕೆಯ ಮರ ಎಂದು ಮೂಗು ಮುರಿಯುವವರಿಗೆ ಎರಡನೇ ಮಹಾಯುದ್ಧದ ಮಾಸ್ಕಿಟೊ ವಿಮಾನವನ್ನು ತೋರಿಸಬೇಕು. ಅದರ ಒಡಲೆಂದರೆ ಎರಡು ಪದರ ಪ್ಲೈವುಡ್, ನಡುವೆ ಬಾಲ್ಸಾ.

ಈಗ ಲೇಸರ್ ಕತ್ತರಿಸಿದ ತುಂಡುಗಳು ಡಬ್ಬಿಯಲ್ಲೇ ಬರುತ್ತವೆ. ನನ್ನಂಥ ಹಳಬರಿಗೆ ಬ್ಲೇಡೇ ಗತಿ. ನಕ್ಷೆಯನ್ನು ಹಲಗೆಗೆ ಹಚ್ಚಿ, ಅಂಟು ಹಿಡಿಯದಿರಲೆಂದು ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ, ಕಡ್ಡಿಗಳನ್ನು ಗುಂಡುಸೂಜಿಗಳ ನಡುವೆ ಕೂರಿಸಿ ಅಂಟಿಸಬೇಕು. ಆಮೇಲೆ ಒಣಗಲು ಬಿಡಬೇಕು. ಅಲ್ಲಿಯವರೆಗೆ ಊಟದ ಮೇಜು ವಿಮಾನಯಾನ ಇಲಾಖೆಗೆ ಸೇರಿದ್ದು. “ರೀ, ಇವತ್ತೂ ನೆಲದ ಮೇಲೇನಾ?” ಎಂದು ಹೆಂಡತಿ ಕೇಳುತ್ತಾಳೆ. ಉಪ್ಪುಕಾಗದದಲ್ಲಿ ಉಜ್ಜಿದ ಪುಡಿ ಸಾರಿನವರೆಗೂ ಹಾರುತ್ತದೆ. ಮನೆಯಲ್ಲಿ ಮೊದಲು ಹಾರುವುದು ಅದೇ.

ಅಸ್ಥಿಪಂಜರಕ್ಕೆ ಟಿಶ್ಯೂ ಕಾಗದ ಹೊದಿಸಿ ನೀರು ಚಿಮುಕಿಸಿದರೆ, ಒಣಗುತ್ತ ಅದು ಹಪ್ಪಳದಂತೆ ಬಿಗಿಯುತ್ತದೆ. ಮೇಲೆ ಡೋಪ್ ಎಂಬ ವಾರ್ನಿಶ್‌ನಂಥ ದ್ರವ ಬಳಿದಾಗ ಬರುವ ವಾಸನೆಗೆ ನೆರೆಯವರೂ ಕಿಟಕಿ ಮುಚ್ಚುತ್ತಾರೆ. ಎಂಜಿನ್ ಎಂದರೆ ಹೊಟ್ಟೆಯೊಳಗಿನ ರಬ್ಬರ್ ಎಳೆ. 1871ರಲ್ಲಿ ಪ್ಯಾರಿಸ್ಸಿನ ಉದ್ಯಾನವೊಂದರಲ್ಲಿ ಆಲ್ಫಾನ್ಸ್ ಪೆನೊ ಹೀಗೇ ರಬ್ಬರ್ ತಿರುಚಿ ತನ್ನ ಮಾದರಿಯನ್ನು 11 ಸೆಕೆಂಡು ಹಾರಿಸಿದ್ದ. ಆ ರಬ್ಬರು ತನ್ನೊಳಗೇ ಉಜ್ಜಿ ಹರಿಯದಿರಲು ಹರಳೆಣ್ಣೆ ಸವರಬೇಕು. “ತಲೆಗೋ, ಹೊಟ್ಟೆಗೋ?” ಎಂದು ಅಮ್ಮ ಕೇಳಿದಾಗ “ರಬ್ಬರಿಗಮ್ಮ” ಎಂದೆ. ಅವತ್ತಿನಿಂದ ಶೀಶೆ ದೇವರಮನೆಯ ಕಪಾಟು ಸೇರಿದೆ.

ನಾನು ಕಟ್ಟುತ್ತಿರುವುದು ಎಚ್‌ಟಿ-2. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ವಿನ್ಯಾಸಕ ಘಾಟಗೆಯವರ ತಂಡ ರೂಪಿಸಿದ, 1951ರಲ್ಲಿ ಮೊದಲು ಹಾರಿದ ತರಬೇತಿ ವಿಮಾನ. ಲೋಹದ ವಿಮಾನವನ್ನು ಕಾಗದದಲ್ಲಿ ಮಾಡುವ ಉದ್ಧಟತನ ಇರಲಿ, ನಿಜವಾದ ತೊಡಕು ಬೇರೆ. ರೆಕ್ಕೆ, ಚಕ್ರ, ಕಿಟಕಿ ಎಲ್ಲವನ್ನೂ ಹದಿನಾರನೇ ಒಂದು ಪಾಲಿಗೆ ಇಳಿಸಬಹುದು, ಗಾಳಿಯನ್ನು ಇಳಿಸಲಾಗದು. ಹಾಗಾಗಿ ಪೈಲಟ್ ಇಲ್ಲದ ಮಾದರಿ ನೆಟ್ಟಗೆ ಹಾರಲೆಂದು ಬಾಲದ ರೆಕ್ಕೆಯನ್ನು ಗುಟ್ಟಾಗಿ ಕೊಂಚ ದೊಡ್ಡದು ಮಾಡುವುದು ವಾಡಿಕೆ. ಬಾಲದಲ್ಲಿ ಗ್ರಾಂ ಗ್ರಾಂ ಲೆಕ್ಕ ಹಾಕಿ ಕೆರೆದು ತೆಗೆದ ಮೇಲೂ ಸಮತೋಲಕ್ಕೆಂದು ಮೂತಿಗೆ ಜೇಡಿಮಣ್ಣು ಮೆತ್ತುವುದು ಬೇರೆ ಇದ್ದೇ ಇದೆ.

ಇಷ್ಟೆಲ್ಲ ಹಾರಲೆಂದು. ಹಾರಿತೋ, ಹೊಸ ಚಿಂತೆ. ಬಿಸಿಗಾಳಿಯ ಸೆಲೆ ಸಿಕ್ಕರೆ ಅದು ಸುತ್ತುತ್ತ ಮೇಲೇರಿ ಮೋಡದತ್ತ ಹೊರಟುಬಿಡುತ್ತದೆ. ಅದಕ್ಕೇ ಹಿರಿಯರು ಬಾಲಕ್ಕೊಂದು ಹೊಗೆಯಾಡುವ ಬತ್ತಿ ಕಟ್ಟಿದರು. ಅದು ಉರಿಯುತ್ತ ಬಂದು ರಬ್ಬರ್ ಬ್ಯಾಂಡನ್ನು ಸುಟ್ಟೊಡನೆ ಬಾಲ ಮೇಲಕ್ಕೆದ್ದು, ವಿಮಾನ ಹಾರುವುದನ್ನು ಮರೆತು ಇಳಿಯುತ್ತದೆ. ಕೆಲವರು ಬತ್ತಿ ಹಚ್ಚುವುದನ್ನೇ ಮರೆಯುತ್ತಾರೆ. ಅಂಥವರನ್ನು ಕೇಳಿ ನೋಡಿ: ತಾವು ಕಟ್ಟಿದವುಗಳಲ್ಲೆಲ್ಲ ಅತ್ಯುತ್ತಮವಾದದ್ದು ಅದೇ ಆಗಿತ್ತು ಎನ್ನುತ್ತಾರೆ. ಇಲ್ಲವೆನ್ನಲು ನಮ್ಮ ಬಳಿ ಸಾಕ್ಷಿಯೂ ಇರುವುದಿಲ್ಲ.